ಬಲಗೈ ನೋವಿಗೆ ಎಡಗಾಲ ಸೂಜಿ

ಕತ್ತರಿ ಕೈಜಾರಿ ಬೀಳುವುದೇನೂ ದೊಡ್ಡ ವಿಷಯವಲ್ಲ. ಆದರೆ ಅವತ್ತು ಬೆಳಿಗ್ಗೆ ಅದು ಅಂಗಡಿ ಯಜಮಾನರ ಕಾಲಿನ ಮೇಲೆ ಬಿತ್ತು.

ಆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜೆಂದರೆ ಸಿಂಹಾಸನ. ಅದರ ಹಿಂದೆ ನಿಲ್ಲುವವರು ಕಟಿಂಗ್ ಮಾಸ್ಟರು. ಬೀದಿಯವರೆಲ್ಲ ಅವರನ್ನು ಮಾಸ್ಟ್ರೇ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಇಷ್ಟು ವರ್ಷ ಕತ್ತರಿ ಹಿಡಿದದ್ದಕ್ಕೆ ಬಲ ಮಣಿಕಟ್ಟಿನೊಳಗಿನ ನರ ಒತ್ತಿಹೋಗಿ, ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಜೋಮು ಹಿಡಿದಿತ್ತು. ಈಚೆಗೆ ಅಂಗಿಯ ಗುಂಡಿ ಹಾಕಿಕೊಳ್ಳಬೇಕಾದರೂ ಅವರು ಕನ್ನಡಿ ನೋಡಿಕೊಳ್ಳಬೇಕಾಗಿತ್ತು, ಬೆರಳಿಗೆ ಸಿಕ್ಕಿದ್ದು ಗುಂಡಿಯೋ ಕಾಲರೋ ತಿಳಿಯುತ್ತಿರಲಿಲ್ಲ.

ಯಜಮಾನರು ಕಾಲು ನೀವಿಕೊಳ್ಳುತ್ತಾ ಹೇಳಿದರು, "ನೋಡಿ ಮಾಸ್ಟ್ರೇ, ಸಂಜೆ ಜಡ್ಜ್ ಸಾಹೇಬ್ರು ಬರ್ತಾರೆ. ಮಗನ ಮದುವೆಗೆ ಕೋಟು. ಬಟ್ಟೆ ಅವರದ್ದೇ, ಒಂದು ಗೇಣೂ ಹೆಚ್ಚಿಗಿಲ್ಲ. ಅವರು ಬರೋ ಹೊತ್ತಿಗೆ ನೀಟಾಗಿ ಕತ್ತರಿಸಿಟ್ಟಿದ್ರೆ ಈ ಮೇಜು ನಿಮ್ಮದೇ. ಇಲ್ಲಾಂದ್ರೆ ನಾಳೆಯಿಂದ ಇಲ್ಲಿ ನನ್ನ ಅಳಿಯ ನಿಲ್ತಾನೆ."

"ಮತ್ತೆ ನಾನು?"

"ನೀವು ಬಾಗಿಲಲ್ಲಿ ಕೂತು ಬಂದವರಿಗೆ ಬನ್ನಿ ಬನ್ನಿ ಅನ್ನಿ. ಅದಕ್ಕೆ ಬೆರಳು ಬೇಡ."

ಮಾಸ್ಟರು ಬಿದ್ದ ಕತ್ತರಿಯನ್ನು ಎತ್ತಿಕೊಂಡರು. ಆ ಅಳಿಯನೋ, ಎರಡೂ ಕಾಲು ಎಡಗಾಲೇ ಆಗುವಂತೆ ಪ್ಯಾಂಟು ಕತ್ತರಿಸಿ ಹೆಸರಾದ ಮಹಾನುಭಾವ. ಅಂಥವನ ಕೈಗೆ ಕತ್ತರಿ ಕೊಟ್ಟು ತಾವು ಬಾಗಿಲು ಕಾಯುವುದೇ? ಆಗದ ಮಾತು. "ಸಂಜೆ ನಾನೇ ಕತ್ತರಿಸ್ತೀನಿ" ಎಂದು ಮಾಸ್ಟರು ಎದೆ ಸೆಟೆಸಿ ಹೇಳಿದರು.

ಈ ಧೈರ್ಯಕ್ಕೆ ಕಾರಣವಿತ್ತು. ದೊಡ್ಡಾಸ್ಪತ್ರೆಯಲ್ಲಿ ಇಂಥ ಕೈಗಳ ಮೇಲೆ ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆಯ ಪರೀಕ್ಷೆ ನಡೆಯುತ್ತಿತ್ತು. ಕಳೆದ ವಾರ ಮಾಸ್ಟರು ಹೋಗಿ ಸೇರಿಕೊಂಡಿದ್ದರು. ಅಲ್ಲಿನ ಡಾಕ್ಟರಮ್ಮ ಅವರನ್ನು ಗುಡುಗುಡು ಎನ್ನುವ ಯಂತ್ರದೊಳಗೆ ಮಲಗಿಸಿ, ಮಿದುಳಿನ ಚಿತ್ರ ತೆಗೆದು ತೋರಿಸಿದ್ದರು.

"ಮಿದುಳಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗ ಇರುತ್ತೆ. ನಿಮ್ಮ ತೋರುಬೆರಳಿನ ಜಾಗ, ನಡುಬೆರಳಿನ ಜಾಗ ಒಂದರೊಳಗೊಂದು ಕಲಸಿಹೋಗಿವೆ. ಸೂಜಿ ಹಾಕಿದರೆ ಮತ್ತೆ ಬೇರೆಯಾಗ್ತವಾ ಅಂತ ನಾವು ನೋಡ್ತಿರೋದು."

"ಅಂದ್ರೆ ಅಣ್ಣತಮ್ಮಂದಿರು ನಡುವಿನ ಗೋಡೆ ಕೆಡವಿಕೊಂಡು ಕೂತಿದ್ದಾರೆ. ವಾಪಸ್ ಗೋಡೆ ಎಬ್ಬಿಸಬೇಕು."

"ಹೆಚ್ಚುಕಡಿಮೆ ಹಾಗೇ. ಆದರೆ ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ನಕಲಿ. ಯಾರಿಗೆ ಯಾವುದು ಅಂತ ಕೊನೆಯವರೆಗೂ ಹೇಳಲ್ಲ."

ಆಮೇಲೆ ಮಾಸ್ಟರಿಗೆ ಸೂಜಿ ಹಾಕಿದ್ದರು. ಎಡಗಾಲಿನ ಪಾದದ ಗಂಟಿಗೆ. ಈ ಸಂಗತಿಯನ್ನು ಮಾಸ್ಟರು ನಾಚಿಕೆಯಿಂದ ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಕತ್ತರಿ ಬಿದ್ದ ದಿನವೇ ಮಧ್ಯಾಹ್ನ ಎರಡನೆಯ ಸರದಿ. ಊಟದ ಡಬ್ಬಿ ತಂದ ಹೆಂಡತಿ, "ರೀ, ಆಸ್ಪತ್ರೆಗೆ ಹೋಗ್ಬೇಕಲ್ಲ, ಎಡಗಾಲು ತೊಳ್ಕೊಂಡ್ರಾ?" ಎಂದು ಎಲ್ಲರೆದುರಿಗೇ ಕೇಳಿಬಿಟ್ಟಳು.

ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದವನ ಕಿವಿ ನೆಟ್ಟಗಾಯಿತು. ಊರಿನ ಕಾಯಿಲೆಗಳೆಲ್ಲ ತನ್ನನ್ನು ಕೇಳಿಯೇ ಬರುತ್ತವೆ ಎಂದು ನಂಬಿದವನು ಅವನು. "ಎಡಗಾಲು ಯಾಕೆ?" ಎಂದ. ಹೆಂಡತಿ ಎಲ್ಲವನ್ನೂ ಹೇಳಿದಳು.

"ಬಲಗೈ ನೋವಿಗೆ ಎಡಗಾಲಿಗೆ ಸೂಜಿಯಾ!" ಇಸ್ತ್ರಿಯವನು ಕೈಯಲ್ಲಿದ್ದ ಪೆಟ್ಟಿಗೆಯನ್ನು ಕುಕ್ಕಿದ. "ಮಾಸ್ಟ್ರೇ, ನಿಮಗೆ ಟೋಪಿ ಹಾಕಿದ್ದಾರೆ. ಇದೇ ಆ ನಕಲಿ."

ಯಜಮಾನರೂ ದನಿಗೂಡಿಸಿದರು. "ಅಂಗಿ ಹರಿದ್ರೆ ಪ್ಯಾಂಟಿಗೆ ತೇಪೆ ಹಾಕ್ತೀವೇನ್ರೀ?"

"ನಂಗೆ ಅವತ್ತೇ ಅನುಮಾನ ಬಂದಿತ್ತು," ಎಂದಳು ಹೆಂಡತಿ. "ಕೈ ನೋವಿಗೆ ಅಂತ ಹೋದವರು ಕಾಲು ಸೆಳೀತಿದೆ ಅಂತ ಕುಂಟಿಕೊಂಡು ಬಂದ್ರಿ."

ಮೂವರೂ ಹೇಳಿದ ಮೇಲೆ ಮಾಸ್ಟರಿಗೂ ಅದೇ ಸರಿ ಎನಿಸಿತು. ಮೈಯೆಲ್ಲ ಉರಿದುಹೋಯಿತು. ಸಂಜೆಯೊಳಗೆ ನಿಜವಾದ ಸೂಜಿ ಹಾಕಿಸಿಕೊಂಡೇ ಬರುತ್ತೇನೆಂದು ಹಟ ತೊಟ್ಟು, ಊಟವನ್ನೂ ಅರ್ಧಕ್ಕೇ ಬಿಟ್ಟು ಹೊರಟರು.

ಆಸ್ಪತ್ರೆಯ ಪಡಸಾಲೆಯ ಬೆಂಚಿನಲ್ಲಿ ಒಬ್ಬ ಬ್ಯಾಂಕ್ ಗುಮಾಸ್ತ ಬಲಗೈಯನ್ನು ಕೊಡವುತ್ತಾ ಕುಳಿತಿದ್ದ. ಜೋಮು ಹಿಡಿದ ಕೈ ಕೊಡವುವ ರೀತಿಯೇ ಬೇರೆ. ಮಾಸ್ಟರು ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದರು.

"ನಿಮಗೆ ಎಲ್ಲಿಗೆ ಹಾಕ್ತಾರೆ?"

"ಇಲ್ಲೇ, ಮಣಿಕಟ್ಟಿಗೆ."

ಮಾಸ್ಟರ ಕಣ್ಣರಳಿತು. "ನೋವಾಗುತ್ತಾ?"

"ಇಲ್ಲಪ್ಪ. ಹಾಕಿದ್ದೇ ಗೊತ್ತಾಗಲ್ಲ."

ಆಹಾ, ಏನು ಕೈಚಳಕ ಎಂದುಕೊಂಡರು ಮಾಸ್ಟರು. ನೋಯದ ಹಾಗೆ ಸೂಜಿ ಚುಚ್ಚುವುದು ಎಷ್ಟು ಕಷ್ಟವೆಂದು ತಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ತಮ್ಮ ಮೇಜಿನ ಕತೆ, ಅಳಿಯನ ಕತೆ, ಜಡ್ಜ್ ಸಾಹೇಬರ ಕೋಟಿನ ಕತೆ ಎಲ್ಲವನ್ನೂ ಹೇಳಿ, "ಇವತ್ತೊಂದು ದಿನ ನಿಮ್ಮ ಕೈಯ ನಂಬರ್ ಪಟ್ಟಿ ನನಗೆ ಕೊಡಿ. ನಿಮಗೊಂದು ಸಫಾರಿ ಪುಕ್ಕಟೆ ಹೊಲಿದುಕೊಡ್ತೀನಿ" ಎಂದು ದುಂಬಾಲು ಬಿದ್ದರು. ಗುಮಾಸ್ತ ಮೊದಲು ಹಿಂಜರಿದ. ಸಫಾರಿಗೆ ಒಳಜೇಬು ಬೇರೆ ಇರುತ್ತದೆ ಎಂದ ಮೇಲೆ ಒಪ್ಪಿದ. ಇಬ್ಬರೂ ಕೈಗೆ ಹಾಕಿದ್ದ ನಂಬರಿನ ರಬ್ಬರ್ ಪಟ್ಟಿಗಳನ್ನು ಅದಲುಬದಲು ಮಾಡಿಕೊಂಡರು.

ಅವತ್ತು ಸೂಜಿ ಹಾಕಲು ಬಂದಿದ್ದವರು ಹೊಸಬರು. ಅವರು ಮುಖ ನೋಡಲಿಲ್ಲ, ನಂಬರು ನೋಡಿದರು. ಮಾಸ್ಟರನ್ನು ಮಲಗಿಸಿ, ಕೈ ಕಾಣದಂತೆ ಪರದೆ ಎಳೆದು, ಮಣಿಕಟ್ಟಿನ ಮೇಲೆ ಏನೋ ಮಾಡಿದರು. ಜೀವಮಾನವೆಲ್ಲ ಸೂಜಿಯಲ್ಲೇ ಅನ್ನ ಉಂಡ ಮಾಸ್ಟರು ಪರದೆಯ ಈಚೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಆದರೆ ಗುಮಾಸ್ತ ಹೇಳಿದ್ದು ನಿಜ, ಹೂವು ಸೋಕಿದಷ್ಟೂ ನೋಯಲಿಲ್ಲ.

ಪಕ್ಕದ ಕೋಣೆಯಿಂದ, "ಎಡಗಾಲಾ? ತಾಳಿ ಸಾರ್, ಕಾಲುಚೀಲ ತೂತಾಗಿದೆ" ಎಂಬ ದನಿ ಕೇಳಿತು. ಸ್ವಲ್ಪ ಹೊತ್ತಿಗೆ, "ಅಯ್ಯಯ್ಯೋ, ಸತ್ತೆ!" ಎಂಬ ಕೂಗು.

ನಕಲಿ ಸೂಜಿಗೇ ಇಷ್ಟು ಕಿರುಚುವವನು ನಿಜವಾದದ್ದನ್ನು ಹೇಗೆ ತಾಳಿಕೊಂಡನೋ, ಪುಕ್ಕಲು ಮನುಷ್ಯ ಎಂದುಕೊಂಡರು ಮಾಸ್ಟರು.

ಅಂಗಡಿಗೆ ಬರುವ ದಾರಿಯಲ್ಲೇ ಬೆರಳುಗಳಲ್ಲಿ ಬಿಸಿ ಹರಿದಂತಾಯಿತು. ಹೆಬ್ಬೆರಳನ್ನು ಒಂದೊಂದು ಬೆರಳಿಗೂ ತಾಗಿಸಿ ನೋಡಿಕೊಂಡರು. ಇದು ತೋರುಬೆರಳು, ಇದು ನಡುಬೆರಳು, ಸಂಶಯವೇ ಇಲ್ಲ. ಅಣ್ಣತಮ್ಮಂದಿರ ನಡುವೆ ಗೋಡೆ ಎದ್ದುಬಿಟ್ಟಿದೆ! ಅಂಗಡಿಗೆ ಬಂದವರೇ ಸೂಜಿಯೊಂದನ್ನು ಎತ್ತಿ ಒಂದೇ ಏಟಿಗೆ ದಾರ ಪೋಣಿಸಿ ತೋರಿಸಿದರು. ಮನೆಗೆ ಹೋಗದೆ ಕಾದು ಕುಳಿತಿದ್ದ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಎಷ್ಟು ದಿನಗಳಿಂದ ತಾವು ಒಳಗೊಳಗೇ ಹೆದರಿ ಸತ್ತಿದ್ದರೆಂದು ಮಾಸ್ಟರಿಗೆ ತಿಳಿದದ್ದೇ ಆಗ.

"ನಾನು ಹೇಳ್ಲಿಲ್ವಾ!" ಎಂದು ಇಸ್ತ್ರಿಯವನು ಬೀದಿಗೆಲ್ಲ ಸಾರಿದ. ಎದುರಿನ ಚಹಾ ಅಂಗಡಿಯವರು, ಪಕ್ಕದ ವಾಚು ರಿಪೇರಿಯವರು ಬಂದು ಬಾಗಿಲಲ್ಲಿ ಜಮಾಯಿಸಿದರು. ಯಜಮಾನರು ಜಡ್ಜ್ ಸಾಹೇಬರ ಬಟ್ಟೆಯನ್ನು ಮಗುವನ್ನು ಮಲಗಿಸುವಂತೆ ಮೇಜಿನ ಮೇಲೆ ಹಾಸಿದರು.

ಮಾಸ್ಟರು ಗುರುತು ಹಾಕಿ ಕತ್ತರಿ ಎತ್ತಿದರು. ಕಚ್ ಕಚ್ ಕಚ್. ಬೆನ್ನಿನ ಭಾಗ ಬಂತು. ಮುಂಭಾಗ ಎರಡೂ ಬಂದವು. ಗೆರೆಯಿಂದ ಒಂದೆಳೆಯೂ ಆಚೀಚೆ ಇಲ್ಲ. ಯಜಮಾನರು ಎಲ್ಲರಿಗೂ ಕೇಳುವಂತೆ, "ಅಳಿಯ ಇನ್ನೊಂದೆರಡು ವರ್ಷ ಕಲೀಲಿ ಬಿಡಿ" ಎಂದರು. ಬಲತೋಳು ಕತ್ತರಿಸಿ ಆಯಿತು. ಎಡತೋಳಿಗೆ ಕತ್ತರಿ ಇಡಬೇಕು, ಅಷ್ಟರಲ್ಲಿ ಮಾಸ್ಟರ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ನೀವು ಕತ್ತರಿಸಿ ಮಾಸ್ಟ್ರೇ, ನಾನು ನೋಡ್ಕೋತೀನಿ," ಎಂದು ಇಸ್ತ್ರಿಯವನು ಫೋನು ಎಳೆದುಕೊಂಡು, ಇಡೀ ಬೀದಿಗೆ ಕೇಳುವಂತೆ ಸ್ಪೀಕರ್ ಹಾಕಿದ.

ಡಾಕ್ಟರಮ್ಮನ ದನಿ. "ಮಾಸ್ಟ್ರೇ, ಏನು ಕೆಲಸ ಮಾಡಿದ್ರಿ? ಆ ಗುಮಾಸ್ತರು ಕಿರುಚಿದ್ದಕ್ಕೆ ವಿಚಾರಿಸಿದೆ. ಸಫಾರಿ ಸಮೇತ ಎಲ್ಲಾ ಒಪ್ಪಿಕೊಂಡ್ರು. ನಿಮ್ಮಿಬ್ಬರನ್ನೂ ಪರೀಕ್ಷೆಯಿಂದ ತೆಗೆದುಹಾಕಿದ್ದೀನಿ."

"ತಪ್ಪಾಯ್ತು ಡಾಕ್ಟ್ರಮ್ಮಾ. ಆದ್ರೆ ನಿಮ್ಮ ನಿಜವಾದ ಸೂಜಿ ಅಂದ್ರೆ ಸೂಜಿ! ಬೆರಳು ನೋಡ್ಬೇಕು ನೀವು, ಕುಣೀತಾ ಇವೆ."

"ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ, ಹೇಳಿಬಿಡ್ತೀನಿ. ನಿಜವಾದ ಸೂಜಿ ಎಡಗಾಲಿಗೆ ಹಾಕಿದ್ದು. ಇವತ್ತು ನಿಮ್ಮ ಮಣಿಕಟ್ಟಿಗೆ ಇಟ್ಟಿದ್ದು ನಕಲಿ. ತುದಿ ಮೊಂಡು, ಚರ್ಮ ದಾಟೋದೇ ಇಲ್ಲ."

ಯಜಮಾನರು ಸೂರು ನೋಡಿದರು. ಇಸ್ತ್ರಿಯವನು ಫೋನನ್ನು ಮೇಜಿನ ಮೇಲಿಟ್ಟು, ಆಗಲೇ ಇಸ್ತ್ರಿಯಾಗಿದ್ದ ಅಂಗಿಗೆ ಮತ್ತೆ ಇಸ್ತ್ರಿ ಹಾಕತೊಡಗಿದ.

ಮಾಸ್ಟರ ಹೆಬ್ಬೆರಳಿನ ತುದಿಯಲ್ಲಿ ಇರುವೆ ಹರಿದಂತಾಯಿತು. ಆಮೇಲೆ ತೋರುಬೆರಳು. ಆಮೇಲೆ ನಡುಬೆರಳು. ಆದರೂ ಅವರು ಪಟ್ಟು ಬಿಡಲಿಲ್ಲ.

"ಹಾಗಾದ್ರೆ ಎಡಗಾಲಿಗೇ ಹಾಕಿ ತಾಯಿ, ಈಗಲೇ ಓಡಿ ಬರ್ತೀನಿ."

"ಆಗಲ್ಲ. ಒಂದು ಸಲ ತೆಗೆದಮೇಲೆ ಮತ್ತೆ ಸೇರಿಸಿಕೊಳ್ಳೋ ಹಾಗಿಲ್ಲ."

"ಹೋಗಲಿ, ಆ ನಕಲಿಯನ್ನೇ ಇನ್ನೊಂದು ಸಲ ಹಾಕಿ. ನನ್ನ ಕೈಗೆ ಅದೇ ಒಗ್ಗಿತ್ತು."

"ಅದು ನಕಲಿ ಅಂತ ಗೊತ್ತಿಲ್ಲದವರಿಗೆ ಮಾತ್ರ ಹಿಡಿಯುತ್ತೆ ಮಾಸ್ಟ್ರೇ. ನಿಮಗೆ ಈಗ ಗೊತ್ತಾಗಿಹೋಯ್ತಲ್ಲ."

ಬಾಗಿಲಲ್ಲಿ ನೆರೆದಿದ್ದವರು ಸರಿದು ದಾರಿ ಬಿಟ್ಟರು. ಜಡ್ಜ್ ಸಾಹೇಬರು ಒಳಗೆ ಬಂದು, ಕನ್ನಡಕ ಸರಿಪಡಿಸಿಕೊಂಡು, ಮೇಜಿನ ಮೇಲಿದ್ದ ಒಂಟಿ ತೋಳಿನ ಕೋಟನ್ನೇ ನೋಡುತ್ತಾ ನಿಂತರು. ಮಾಸ್ಟರ ಕೈಯಲ್ಲಿ ಕತ್ತರಿ ಇತ್ತೋ ಇಲ್ಲವೋ, ಅವರು ಬಗ್ಗಿ ನೋಡಿಕೊಂಡೇ ತಿಳಿಯಬೇಕಾಯಿತು.

"ಡಾಕ್ಟ್ರಮ್ಮಾ," ಎಂದು ಅವರು ಫೋನಿನ ಕಡೆ ಬಾಗಿ, ಅಳು ನುಂಗಿಕೊಂಡು ಹೇಳಿದರು, "ಇನ್ನೊಂದೇ ಒಂದು ತೋಳು ಬಾಕಿ ಇತ್ತು. ಅದನ್ನ ಕತ್ತರಿಸೋವರೆಗಾದ್ರೂ ನೀವು ಸುಮ್ಮನಿರಬಾರದಿತ್ತಾ?"