ಮೌನದ ಖೋಲಿಗೆ ಬಂದ ಮೀನು

ಹಾಸ್ಟೆಲ್ ನಡೆಸುವುದು ಬಹಳ ಸುಲಭದ ಕೆಲಸ ಎಂದು ನಾನು ಪೂರ್ತಿ ಹನ್ನೊಂದು ತಿಂಗಳು ನಂಬಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು, ಮೇಲೆ ಹಾಸ್ಟೆಲಿನ ವಾರ್ಡನ್. ಎಂಟು ಖೋಲಿ, ಖೋಲಿಗೆ ಆರು ಹುಡುಗರು. ವಾರ್ಡನ್ನನಿಗೆ ಕ್ವಾರ್ಟರ್ಸ್ ಉಂಟು, ಕ್ವಾರ್ಟರ್ಸಿನ ಒಳಗೆ ನಳ ಉಂಟು. ರಾಯಚೂರಿನ ಬೇಸಿಗೆ ಕಂಡವರಿಗೆ ಮನೆಯೊಳಗಿನ ನಳ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಹೆಂಡತಿ ಶರಣಮ್ಮ ಹದಿನಾರು ವರ್ಷದ ಸಂಸಾರದಲ್ಲಿ ನನ್ನನ್ನು ಹೊಗಳಿದ್ದು ಒಂದೇ ಸಲ. ಅದೂ ಆ ನಳದ ಮುಂದೆ ಕೊಡ ಹಿಡಿದು ನಿಂತಾಗ!

ಹೀಗಿರಲು, ಒಂದು ಮಾಸಪತ್ರಿಕೆಯಲ್ಲಿ ಒಂದು ಲೇಖನ ಓದಿದೆ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಹುಡುಗರನ್ನು ಅವರವರ ಅಭಿರುಚಿಗೆ ತಕ್ಕಂತೆ ಒಟ್ಟಿಗೆ ಇರಿಸುತ್ತಾರಂತೆ. ಸಂಗೀತದವರು ಒಂದು ಕಡೆ, ಭಾಷೆ ಕಲಿಯುವವರು ಒಂದು ಕಡೆ. ನಮ್ಮಲ್ಲೋ? ಮಾನ್ವಿ ಕಡೆಯವರು ಒಂದು ಖೋಲಿ, ದೇವದುರ್ಗದ ಕಡೆಯವರು ಇನ್ನೊಂದು. ಇದು ಯಾವ ನ್ಯಾಯ? ಇದಕ್ಕೆ ಕಾರಣವೇನೆಂದು ನಾನು ಯಾರನ್ನೂ ಕೇಳಲಿಲ್ಲ. ಸುಧಾರಕರು ಕೇಳುವುದಿಲ್ಲ.

ಹಾಸ್ಟೆಲಿನ ವಾಚಮನ್ ಖಾಜಾಸಾಬ ಮಾತ್ರ ತಾನಾಗಿಯೇ ಹೇಳಲು ಬಂದ.

"ನಕ್ಕೋ ಸಾಬ್, ಬ್ಯಾಡ. ಈ ಹುಡುಗ್ರನ್ನ ಬಸ್ಸಿನ ಲೆಕ್ಕಕ್ಕ ಇಟ್ಟಾರ. ಅವ್ರ ಬುತ್ತಿ..."

"ಬುತ್ತಿ, ಬಸ್ಸು ಅನ್ಕೋತ ಕುಂತ್ರ ದೇಶ ಮುಂದ ಹೋಗೂದಿಲ್ಲೋ ಖಾಜಾಸಾಬ."

"ದೇಶ ಹೋಗಲಿ ಸಾಬ್. ಬುತ್ತಿ ಎಲ್ಲಿಗೆ ಹೋಗಬೇಕು?"

ನಾನು ಮುಗುಳ್ನಕ್ಕೆ. ಪಾಪ, ಅವನಿಗೇನು ಗೊತ್ತು!

ಹುಡುಗರಿಗೆ ಚೀಟಿ ಹಂಚಿ, 'ನಿಮ್ಮ ಅಭಿರುಚಿ ಯಾವುದು?' ಎಂದು ಬರೆಸಿಕೊಂಡೆ. ಅರ್ಧಕ್ಕರ್ಧ ಹುಡುಗರು 'ಜ್ವಾಳದ ರೊಟ್ಟಿ' ಎಂದು ಬರೆದಿದ್ದರು. ಅವನ್ನು 'ಗಂಭೀರವಲ್ಲದ ಉತ್ತರಗಳು' ಎಂದು ಬದಿಗಿಟ್ಟು, ಆ ಹುಡುಗರನ್ನು ಎಲ್ಲೆಲ್ಲಿ ಜಾಗ ಇತ್ತೋ ಅಲ್ಲಲ್ಲಿ ತುಂಬಿದೆ. ಪೇಂಟರನ್ನು ಕರೆಸಿ ಬಾಗಿಲಿಗೆಲ್ಲ ಬೋರ್ಡು ಹಾಕಿಸಿದೆ. ಒಂದನೆಯದು ಇಂಗ್ಲಿಷ್ ಖೋಲಿ, ಎರಡನೆಯದು ಸಂಗೀತ, ನಾಲ್ಕನೆಯದು ಮೌನ ಮತ್ತು ಧ್ಯಾನ. ಹೀಗೇ ಎಂಟೂ ಖೋಲಿಗೆ ಎಂಟು ಧ್ಯೇಯ. ಪ್ರಿನ್ಸಿಪಾಲರಿಗೆ ಸುದ್ದಿ ಮುಟ್ಟಿಸಿದೆ. "ಶನಿವಾರ ಹನ್ನೊಂದಕ್ಕೆ ಬಂದು ನೋಡ್ತೀನಿ" ಎಂದರು. ನನ್ನ ಎದೆ ಎರಡು ಅಂಗುಲ ಉಬ್ಬಿತು.

ರವಿವಾರ ಟ್ರಂಕು, ಹಾಸಿಗೆ ಹೊತ್ತು ಹುಡುಗರೆಲ್ಲ ಖೋಲಿ ಬದಲಿಸಿದರು. ಸೋಮವಾರ ಫಲಿತಾಂಶ ಕಾಣತೊಡಗಿತು.

ಇಂಗ್ಲಿಷ್ ಖೋಲಿಯಲ್ಲಿ ಸ್ಮಶಾನ ಮೌನ. ಕನ್ನಡ ಆಡುವಂತಿಲ್ಲ, ಇಂಗ್ಲಿಷ್ ಬರುವುದಿಲ್ಲ. ಆರೂ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಿದ್ದರು. ಮೌನದ ಖೋಲಿಯಲ್ಲಿ ಮಾತ್ರ ಸಂತೆ! ಆ ಖೋಲಿಯ ಕಿಟಕಿಗೆ ಬೇವಿನ ಮರದ ಗಾಳಿ ಬರುತ್ತಿತ್ತು. ಗಾಳಿಯ ಆಸೆಗೆ ಇಡೀ ಹಾಸ್ಟೆಲಿನ ದೊಡ್ಡ ಗಂಟಲಿನವನಾದ ಮಸರಕಲ್ಲಿನ ಅಮರೇಶ 'ನನಗೆ ಮೌನ ಇಷ್ಟ' ಎಂದು ಬರೆದುಕೊಟ್ಟಿದ್ದ.

ಇದನ್ನೆಲ್ಲ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಹನ್ನೊಂದಕ್ಕೆ ಬುತ್ತಿ ಬಂತು.

ನಮ್ಮ ಹಾಸ್ಟೆಲಿನಲ್ಲಿ ಅನ್ನ, ಸಾರು ಸಿಗುತ್ತಿತ್ತೇ ಹೊರತು ರೊಟ್ಟಿ ಬಡಿಯುವವರಿರಲಿಲ್ಲ. ಹಾಗಾಗಿ ಹುಡುಗರ ಮನೆಯಿಂದ ರೊಟ್ಟಿ, ಪಲ್ಲೆ, ಹಿಂಡಿ ಎನ್ನುವ ಚಟ್ನಿಪುಡಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದವು. ಖಾಜಾಸಾಬ ಸೈಕಲ್ಲಿಗೆ ಹೇರಿಕೊಂಡು ಬಸ್ ಸ್ಟ್ಯಾಂಡಿನಿಂದ ತಂದು, ಗಂಟಿನ ಬಟ್ಟೆಯ ಮೇಲೆ ಯಾವ ಖೋಲಿಯ ಅಂಕಿ ಇದೆಯೋ ಆ ಬಾಗಿಲಲ್ಲಿ ಇಡುತ್ತಿದ್ದ. ಮಾನ್ವಿ ಬಸ್ಸಿನ ಬುತ್ತಿಯೆಲ್ಲ ನಾಲ್ಕನೇ ಖೋಲಿಗೆ, ದೇವದುರ್ಗದ್ದು ಎರಡನೆಯದಕ್ಕೆ. ಒಂದು ಬಸ್ಸು, ಒಂದು ಖೋಲಿ. ಇಷ್ಟು ಸರಳ ವ್ಯವಸ್ಥೆಯನ್ನು ನಾನು ಸುಧಾರಿಸಿಬಿಟ್ಟಿದ್ದೆ!

ಈಗ ಹುಡುಗರು ಬದಲಾಗಿದ್ದರು, ಬಟ್ಟೆಯ ಮೇಲಿನ ಅಂಕಿ ಬದಲಾಗಿರಲಿಲ್ಲ. ಮಾನ್ವಿ ಕಡೆಯ ರೊಟ್ಟಿಯನ್ನು ಮೌನಿಗಳು ತಿಂದರು. ದೇವದುರ್ಗದ ಶೇಂಗಾ ಹಿಂಡಿ ಸಂಗೀತಗಾರರ ಪಾಲಾಯಿತು. ಬಿಚ್ಚಿದ ಗಂಟಿನ ಒಡೆಯ ಯಾರೆಂದು ಹುಡುಕುವ ವಯಸ್ಸಲ್ಲ ಅದು. ಕೂಗಾಟ, ತಳ್ಳಾಟ, ಒಂದು ಅಂಗಿ ಹರಿಯಿತು.

"ಎಲ್ಲಾರೂ ಊರಿಗೆ ಕಾರ್ಡ್ ಬರೀರಿ. ಹೊಸಾ ನಂಬರ್ ಹಾಕಿ ಕಳಸ್ಲಿ" ಎಂದು ಮರುದಿನ ಆಜ್ಞೆ ಮಾಡಿದೆ.

ಇಂಗ್ಲಿಷ್ ಖೋಲಿಗೆ ಹೋಗಿದ್ದ, ಮಾನ್ವಿ ಕಡೆಯ ಚೀಕಲಪರ್ವಿಯ ಹನುಮಂತ ಕದಲಲಿಲ್ಲ. ತೆಳ್ಳಗಿನ ಹುಡುಗ. ಎರಡು ದಿನದಿಂದ ಅವನಿಗೆ ಬುತ್ತಿ ಸಿಕ್ಕಿರಲಿಲ್ಲ.

"ನಮ್ಮವ್ವಗ ಓದು ಬರಹ ಬರಂಗಿಲ್ರಿ ಸರ್. ನಾಕು ಅನ್ನೂ ಅಂಕಿ ಒಂದಾ ಕಲ್ತಾಳ. ಕೆಂಪು ದಾರದಾಗ ಬಟ್ಟಿಗೆ ಹೊಲಿದಾಳ. ಬದಲ ಮಾಡ್ರಿ ಅಂದ್ರ ಮತ್ತ ಮ್ಯಾಲಿಂದ ಕಲೀಬೇಕಲ್ರಿ."

ಉತ್ತರ ಹೊಳೆಯದಿದ್ದಾಗ ನಾನು ಗಂಭೀರನಾಗುತ್ತೇನೆ. ಗಂಭೀರನಾಗಿ ಮನೆಗೆ ಹೋದೆ.

ಶರಣಮ್ಮ ನಳದ ಕೆಳಗೆ ಕೊಡ ಇಟ್ಟು ಕೇಳಿದಳು, "ಏನ್ರೀ, ಹುಡುಗ್ರು ಉಪಾಸ ಅದಾವಂತಲ್ಲ?"

"ಹೊಸಾ ವ್ಯವಸ್ಥಾ. ಸ್ವಲ್ಪ ದಿನ ತೊಂದ್ರಿ ಇರ್ತದ."

"ಹಳೇದಕ್ಕ ಏನಾಗಿತ್ರಿ ರೋಗ? ನೋಡ್ರಿ, ಪ್ರಿನ್ಸಿಪಾಲರಿಗೆ ದೂರು ಹೋಗಿ ಈ ಕ್ವಾರ್ಟರ್ಸ್ ಏನರ ಹೋತು ಅಂದ್ರ, ನಾ ಮತ್ತ ಓಣಿ ನಳಕ್ಕ ಪಾಳಿ ಹಚ್ಚಾಕಿ ಅಲ್ಲ. ಕೊಡ ನಿಮ್ಮ ಹೆಗಲ ಮ್ಯಾಲ!"

ಆ ಚಿತ್ರ ಕಣ್ಣಿಗೆ ಕಟ್ಟಿತು. ಇತಿಹಾಸದ ಮೇಷ್ಟ್ರು, ಹೆಗಲ ಮೇಲೆ ಕೊಡ, ಓಣಿಯ ಹೆಂಗಸರ ಪಾಳಿಯಲ್ಲಿ ಮೂವತ್ತನೆಯವನು. ಶನಿವಾರ ಪ್ರಿನ್ಸಿಪಾಲರು ಮೆಚ್ಚಲೇಬೇಕು!

ಶನಿವಾರ ಬಂದೇ ಬಂತು. ಪ್ರಿನ್ಸಿಪಾಲರು ಆಚಾರವಂತರು, ಬೆಳ್ಳುಳ್ಳಿಯ ಹೆಸರು ಕೇಳಿದರೂ ಬಾಯಿ ಮುಕ್ಕಳಿಸುವವರು. ಆದ್ದರಿಂದ ಬಹಳ ವಿಚಾರ ಮಾಡಿ ಮೊದಲು ಮೌನ ಮತ್ತು ಧ್ಯಾನದ ಖೋಲಿಗೇ ಕರೆದುಕೊಂಡು ಹೋದೆ. ಊದುಬತ್ತಿ ಉರಿಯುತ್ತಿತ್ತು. ಆರು ಹುಡುಗರು ಕಣ್ಣು ಮುಚ್ಚಿ ಕುಳಿತಿದ್ದರು. ಅಮರೇಶನ ತುಟಿ ಕೂಡ ಹೊಲಿದ ಹಾಗಿತ್ತು. ಪ್ರಿನ್ಸಿಪಾಲರು ತಲೆದೂಗಿ, "ಶಾಂತಿ ಅಂದ್ರ ಇದು ನೋಡ್ರಿ" ಎಂದರು. ನಳ ಉಳಿಯಿತು ಅಂದುಕೊಂಡೆ.

ಅಷ್ಟರಲ್ಲಿ ಹನ್ನೊಂದರ ಮಾನ್ವಿ ಬಸ್ಸಿನ ಬುತ್ತಿ ಹಿಡಿದು ಖಾಜಾಸಾಬ ಬಂದ. ಕೆಂಪು ದಾರದ ೪ ಇದ್ದ ಗಂಟನ್ನು ಬಾಗಿಲಲ್ಲಿ ಇಟ್ಟ. ನನ್ನನ್ನು ನೋಡಿ ಕಣ್ಣು ಅರಳಿಸಿ, "ಸಾಬ್, ಅದು..." ಎಂದ.

"ನೀ ಸುಮ್ಮನಿರು" ಎಂದು ಅವನ ಬಾಯಿ ಮುಚ್ಚಿಸಿ, ಪ್ರಿನ್ಸಿಪಾಲರತ್ತ ತಿರುಗಿದೆ. "ನೋಡ್ರಿ ಸರ್, ಹಳ್ಳಿಯ ತಾಯಂದಿರ ಸಾತ್ವಿಕ ಆಹಾರ! ಧ್ಯಾನಕ್ಕೆ ತಕ್ಕ ಊಟ!"

ಎಂದವನೇ ನನ್ನ ಸ್ವಂತ ಕೈಯಿಂದ ಗಂಟು ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದೆ.

ತುಂಗಭದ್ರೆಯ ಮೀನು. ಕೆಂಪು ಖಾರದಲ್ಲಿ ಮಲಗಿತ್ತು. ತಲೆಯೂ ಇತ್ತು. ತಲೆಯಲ್ಲಿ ಕಣ್ಣೂ ಇತ್ತು. ಆ ಕಣ್ಣು ನೇರ ಪ್ರಿನ್ಸಿಪಾಲರನ್ನೇ ನೋಡುತ್ತಿತ್ತು!

ವಾಸನೆಗೆ ಧ್ಯಾನಿಗಳೆಲ್ಲ ಒಟ್ಟಿಗೇ ಕಣ್ಣು ತೆರೆದರು. "ಯಪ್ಪಾ, ಮೀನಲೇ!" ಎಂದು ಅಮರೇಶ ಕೂಗಿದ್ದು ಸ್ಟೇಷನ್ನಿನ ತನಕ ಕೇಳಿರಬೇಕು. ಪ್ರಿನ್ಸಿಪಾಲರು ಧೋತರದ ಚುಂಗಿನಿಂದ ಮೂಗು ಮುಚ್ಚಿದರು. ಅದೇ ಹೊತ್ತಿಗೆ ಒಂದನೇ ಖೋಲಿಯಿಂದ ಹನುಮಂತ ಓಡಿಬಂದ. ಐದು ದಿನದ ಹಸಿವು, ಐದು ದಿನದ ಮೌನ, ಎರಡೂ ಒಟ್ಟಿಗೇ ಒಡೆದವು.

"ಸರ್! ದಟ್ ಈಸ್ ಮೈ ಫಿಶ್!"

ಇಂಗ್ಲಿಷ್ ಖೋಲಿಯಿಂದ ಹೊರಬಿದ್ದ ಮೊದಲನೆಯ, ಮತ್ತು ಕೊನೆಯ, ತಪ್ಪಿಲ್ಲದ ವಾಕ್ಯ. ನನ್ನ ಸುಧಾರಣೆಯ ಒಟ್ಟು ಸಾಧನೆ ಅದೇ!

ಅಂಗಳಕ್ಕೆ ಹೋಗಿ ನಿಂತ ಮೇಲೆ ಪ್ರಿನ್ಸಿಪಾಲರು ಧೋತರದ ಒಳಗಿನಿಂದಲೇ ಹೇಳಿದರು. "ಇವತ್ತು ಸಂಜಿಯೊಳಗ ಹುಡುಗ್ರು ಹಳೇ ಖೋಲಿಗೆ ಹೋಗಬೇಕು. ಇಲ್ಲಂದ್ರ ಕ್ವಾರ್ಟರ್ಸಿನ ಚಾವಿ ನನ್ನ ಟೇಬಲ್ ಮ್ಯಾಲ ಇರಬೇಕು."

ಸಂಜೆ ತನಕ ಯಾಕೆ? ಅರ್ಧ ತಾಸಿನಲ್ಲಿ ಟ್ರಂಕು, ಹಾಸಿಗೆ, ಹುಡುಗರು ಎಲ್ಲ ಸ್ವಸ್ಥಾನ ಸೇರಿದರು. ಬೋರ್ಡುಗಳನ್ನು ಖಾಜಾಸಾಬ ಒಯ್ದು ತನ್ನ ಆಡಿನ ಗೂಡಿಗೆ ಬಾಗಿಲು ಮಾಡಿಸಿದ. 'ಮೌನ ಮತ್ತು ಧ್ಯಾನ'ದ ಹಿಂದೆ ಎರಡು ಆಡು ಬಹಳ ದಿನ ಬ್ಯಾ ಎಂದವು. ಹನುಮಂತ ಹಳೇ ನಾಲ್ಕನೇ ಖೋಲಿಯ ಬಾಗಿಲಲ್ಲಿ ಕುಳಿತು, ಮಾನ್ವಿ ಕಡೆಯ ಹುಡುಗರನ್ನೆಲ್ಲ ಸುತ್ತ ಕೂಡಿಸಿಕೊಂಡು, ರೊಟ್ಟಿ ಮುರಿದು ಮುರಿದು ತಿನ್ನುತ್ತಿದ್ದ. ಆರೂ ಮಂದಿ ನಗುತ್ತಿದ್ದರು. ಒಂದೇ ಅಭಿರುಚಿಯವರು ಒಟ್ಟಿಗೆ ಇರುವುದು ಎಂದರೆ ಅದೇ ಇರಬೇಕೆಂದು ನನಗೆ ಆಗ ಅನ್ನಿಸಿತು. ತಡವಾಗಿ ಅನ್ನಿಸಿತು.

ಮುಂದಿನ ವಾರ ಹನುಮಂತ ಒಂದು ಗಂಟು ಹಿಡಿದು ನಮ್ಮ ಮನೆಗೆ ಬಂದ.

"ನಮ್ಮವ್ವ ನಿಮಗ ಅಂತ ಕಳಿಸ್ಯಾಳ್ರಿ ಸರ್. ಸಜ್ಜಿರೊಟ್ಟಿ, ಎಣ್ಣಿಗಾಯಿ. ಮೀನಲ್ರಿ, ಆಣಿ ಮಾಡಿ ಹೇಳೀನಿ."

ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ದುಂಡಗೆ, ಬಹಳ ಅಂದವಾಗಿ ೦ ಹೊಲಿದಿತ್ತು.

"ಇದೇನೋ, ಸೊನ್ನಿ?"

ಹುಡುಗ ತಲೆ ಕೆರೆದುಕೊಂಡ. "ನಿಮ್ಮ ಸರ್‌ದು ಯಾವ ನಂಬರ್ ಅಂತ ಕೇಳಿದ್ಲರಿ. ಸರ್‌ಗೆ ನಂಬರ್ ಇಲ್ಲ ಬೇ ಅಂದೆ. ಹಂಗಂದ್ರ ಏನ್ ಬರೀತಾರ ಅಂದ್ಲು. ಕಲಿಸಿದೆ. ಎರಡನೇ ಅಂಕಿ ಕಲ್ತ್ಲು ಅಂತ ಮನಿಮಂದಿಗೆಲ್ಲಾ ಖುಷಿ ಆಗ್ಯದ್ರಿ!"

ಶರಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಆ ಬಟ್ಟೆಯನ್ನು ಒಗೆದು, ನೀರು ಸೋಸಲಿಕ್ಕೆಂದು ನಳದ ಬಾಯಿಗೆ ಕಟ್ಟಿದಳು. ಸೊನ್ನೆ ಸರಿಯಾಗಿ ಎದುರಿಗೆ ಬರುವ ಹಾಗೆ! ಮುಂದೆ ನಾನು ಆ ಕ್ವಾರ್ಟರ್ಸಿನಲ್ಲಿ ಇದ್ದಷ್ಟು ದಿನವೂ ಮುಂಜಾನೆ ಎದ್ದು ನಳ ತಿರುಗಿಸಿದರೆ ಮೊದಲು ಅದರ ದರ್ಶನ. ಅದು ತೊಯ್ದ ಮೇಲೆಯೇ ನನ್ನ ಮುಖ ತೊಯ್ಯುತ್ತಿತ್ತು.