ಅದೇ ಮನೆಗೆ ಎರಡನೆಯ ಸಲ ಬರಲಿರುವ ಕೋಚ್ ಅವರಿಗೆ

ಮಾನ್ಯರಾದ ಕೋಚ್ ಬ್ರಾಂಟ್ ಕಲ್ಪೆಪರ್ ಅವರೇ,

ಅಲಬಾಮಾದ ಟಲ್ಲಿವಿಲ್ ಎಂಬ ಸಣ್ಣ ಊರಿನಿಂದ ವರ್ನೆಲ್ ಪ್ರುಯಿಟ್ ಎಂಬ ಹೆಂಗಸು ಮಾಡುವ ವಂದನೆಗಳು. ತಾವೂ ತಮ್ಮ ಪತ್ನಿಯವರೂ ತಮ್ಮ ಓಡಾಟಕ್ಕೆಂದು ವಿಶ್ವವಿದ್ಯಾಲಯದವರು ಕೊಟ್ಟಿರುವ ವಿಮಾನವೂ ದೇವರ ದಯೆಯಿಂದ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ. ನನ್ನ ದೊಡ್ಡ ಮಗನ ಎಡಗಾಲಿನ ಮಂಡಿಯೊಂದು ಮಾತ್ರ, ಮಳೆ ಬರುವ ಸುದ್ದಿಯನ್ನು ರೇಡಿಯೋದವರಿಗಿಂತ ಮೊದಲೇ ತಿಳಿಸುತ್ತಿದೆ.

ತಮ್ಮ ಪತ್ರ ತಲುಪಿತು. ನಮ್ಮ ಮದುವೆಯ ಕರೆಯೋಲೆಗೂ ಅಷ್ಟು ದಪ್ಪನೆಯ ಕಾಗದ ಇರಲಿಲ್ಲ. ನನ್ನ ಕಿರಿಯ ಮಗ ಜೋಸಾಯ ಚೆಂಡನ್ನು ಎದೆಗವುಚಿಕೊಂಡು ಓಡುವ ಪರಿಯನ್ನು ಕಂಡು ತಾವು ಬೆರಗಾದುದಾಗಿಯೂ, ಅವನನ್ನು ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಸೇರಿಸಿಕೊಳ್ಳುವ ಮಾತಾಡಲು ಬರುವ ಗುರುವಾರ ಸಂಜೆ ಖುದ್ದಾಗಿ ನಮ್ಮ ಮನೆಗೆ ಬರುವುದಾಗಿಯೂ, 'ನಿಮ್ಮಂಥ ದೈವಭಕ್ತ ಕುಟುಂಬವನ್ನು ಕಾಣುವ ಭಾಗ್ಯ ನನಗೆ ಇದುವರೆಗೆ ಒದಗಿರಲಿಲ್ಲ' ಎಂದೂ ಅದರಲ್ಲಿ ಬರೆದಿದ್ದೀರಿ. ಈ ಕೊನೆಯ ವಾಕ್ಯವನ್ನು ನಾನು ಎರಡು ಸಲ ಓದಿಕೊಂಡು, ಆಮೇಲೆ ನನ್ನ ಅತ್ತೆಯವರಿಗೂ ಓದಿ ಹೇಳಿದೆ. ಎಂಬತ್ತು ದಾಟಿದ ಆಕೆ ಬಟಾಣಿ ಸುಲಿಯುವುದನ್ನು ನಿಲ್ಲಿಸದೆ, "ಮೀನು ತಿಂದು ಹೋದೋನೇ ಅಲ್ವೇನೇ ಇವನು?" ಎಂದರು.

ಹೌದು ಕೋಚ್, ತಾವೇ. ಮೂರು ವರ್ಷದ ಹಿಂದೆ, ಕ್ರಿಸ್‌ಮಸ್‌ಗೆ ಮುಂಚೆ, ತಾವು ಇನ್ನೂ ನಮ್ಮ ಕಡೆಯ ಪೈನ್‌ಬರ್ಗ್ ಕಾಲೇಜಿನಲ್ಲಿದ್ದಾಗ, ನನ್ನ ದೊಡ್ಡ ಮಗ ಮೈಕಾನನ್ನು ಕೇಳಲು ಇದೇ ಮನೆಗೆ ಬಂದಿದ್ದಿರಿ. ನನ್ನ ಗಂಡ ರೂಫಸ್ ಬಿಟ್ಟರೆ ನಾಯಿಯೂ ಹತ್ತದ ಕುರ್ಚಿಯಲ್ಲಿ ಕುಳಿತಿರಿ. ಕರಿದ ಮೀನನ್ನು ಎರಡನೆಯ ಸಲ ಹಾಕಿಸಿಕೊಂಡು, ಗೆಣಸಿನ ಕಡುಬಿಗೆ ಕಣ್ಣು ಮುಚ್ಚಿ ತಲೆದೂಗಿದಿರಿ. ಮೈಕಾ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳ ಢಿಕ್ಕಿಯನ್ನು ತಡೆಯುವವನು, ಚೆಂಡು ಮುಟ್ಟುವವನಲ್ಲ, ಆದ್ದರಿಂದ ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಅಂಥವನನ್ನು ತಾವು ಹುಡುಕಿಕೊಂಡು ಬಂದಿರಲ್ಲ ಎಂದು ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಆಗ ತಾವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. "ಅಮ್ಮಾ, ನಾವು ಎಲೀಟ್ ಆಗ್ತೀವಿ, ದೇಶದ ಮೊದಲ ಸಾಲಿನ ತಂಡ. ಎಲೀಟ್ ಆಗೋಕೆ ಏನು ಬೇಕು ಗೊತ್ತಾ? ದೊಡ್ಡ ಕಟ್ಟಡ ಅಲ್ಲ. ಕುಟುಂಬ. ಇವತ್ತಿಂದ ನಿಮ್ಮ ಮಗ ನನ್ನ ಮಗ." ಅಷ್ಟು ಹೇಳಿ ಸುಮ್ಮನಾಗಿದ್ದರೆ ವ್ಯಾಪಾರದ ಮಾತೆಂದು ತಿಳಿಯುತ್ತಿದ್ದೆವೇನೋ. ತಾವು ಚಾಪೆಯ ಮೇಲೆ ಮೊಣಕಾಲೂರಿ, ಒಂದು ಕೈಯಲ್ಲಿ ಮೈಕಾನ ಕೈ, ಇನ್ನೊಂದರಲ್ಲಿ ನನ್ನ ಅತ್ತೆಯ ಕೈ ಹಿಡಿದು, ಈ ಹುಡುಗನ ಓದು ಮುಗಿಯುವವರೆಗೆ ತಂದೆಯಾಗಿ ಕಾಯುವ ಬಲ ಕೊಡು ಎಂದು ಪ್ರಾರ್ಥಿಸಿದಿರಿ. ನಾವೆಲ್ಲ ಆಮೆನ್ ಎಂದೆವು. ನಮ್ಮ ಹಳ್ಳಿಶಾಲೆಯಲ್ಲಿ ಒಪ್ಪಂದವೆಂದರೆ ಇದೇ ಎಂದು ಕಲಿಸಿದ್ದರು: ದೇವರ ಹೆಸರು ಹೇಳಿದ ಮೇಲೆ ಕಾಗದ ಬೇಕಿಲ್ಲ.

ತಾವು ಹೊರಟ ಮೇಲೆ ನನ್ನ ಅತ್ತೆ, "ಪ್ರಾರ್ಥನೆ ಮಾಡ್ತಾ ಮಾಡ್ತಾ ಗಡಿಯಾರ ನೋಡ್ಕೊಂಡ ಕಣೇ" ಎಂದರು. "ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು? ನೀವೂ ಕಣ್ಣು ಬಿಟ್ಕೊಂಡಿದ್ರಾ?" ಎಂದು ನಾನು ಗದರಿಸಿದೆ. "ಯಾರಾದ್ರೂ ಒಬ್ರು ಕಾವಲಿಗೆ ಇರಬೇಕಲ್ಲ" ಎಂದರು. ದೈವಕಾರ್ಯದಲ್ಲಿ ಅನುಮಾನ ಪಡುತ್ತಾರಲ್ಲ ಎಂದು ಆ ವಾರವೆಲ್ಲ ನಾನು ಆಕೆಯ ಮೇಲೆ ಮುಖ ಊದಿಸಿಕೊಂಡಿದ್ದೆ.

ತಾವು ತಂದೆಯಾಗಿ ಕಾದದ್ದು ಒಂದು ಹಂಗಾಮು. ಪೈನ್‌ಬರ್ಗ್ ತಂಡ ತಮ್ಮ ದೆಸೆಯಿಂದ ಎಂದೂ ಗೆಲ್ಲದಷ್ಟು ಪಂದ್ಯ ಗೆದ್ದಿತು, ಸುಳ್ಳೇಕೆ ಹೇಳಲಿ. ಕೊನೆಯ ಪಂದ್ಯ ಇನ್ನೂ ಬಾಕಿ ಇತ್ತು. ಮೈಕಾ ತಮ್ಮ ತಂಡಕ್ಕಾಗಿ ಆಡುವಾಗ ಪೆಟ್ಟಾದ ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕಾಲನ್ನು ದಿಂಬಿನ ಮೇಲಿಟ್ಟು ಟಿ.ವಿ. ನೋಡುತ್ತಿದ್ದವನು ನನ್ನನ್ನು ಕರೆದು, "ಅಮ್ಮಾ, ಕೋಚ್ ಬೇರೆ ಬಣ್ಣದ ಟೋಪಿ ಹಾಕ್ಕೊಂಡಿದ್ದಾರೆ" ಎಂದ. ತಾವು ಕಡಲತಡಿಯ ಆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದ ಸುದ್ದಿ ನಮ್ಮ 'ಕುಟುಂಬ'ಕ್ಕೆ ತಿಳಿದದ್ದು ಹೀಗೆ. ತಮ್ಮ ಜಾಗಕ್ಕೆ ಬಂದವರು ಮೈಕಾನನ್ನು ಕರೆಸಿ, "ಒಳ್ಳೇ ಹುಡುಗ ನೀನು, ಆದ್ರೆ ನಮ್ಮ ಯೋಜನೇಲಿ ಇಲ್ಲ. ಬೇರೆ ಕಡೆ ನೋಡ್ಕೋ" ಎಂದರು. ಕುಂಟುವವನಿಗೆ ಬೇರೆ ಕಡೆ ಎಂಬುದು ಎಲ್ಲಿರುತ್ತದೆ? ಈಗ ಅವನು ಬೆಳಿಗ್ಗೆ ಕೋಳಿಮಾಂಸದ ಕಾರ್ಖಾನೆಯಲ್ಲಿ ದುಡಿದು, ಸಂಜೆ ತಾಲ್ಲೂಕಿನ ಕಾಲೇಜಿನಲ್ಲಿ ಓದುತ್ತಾನೆ. ನಡುವೆ ಸಿಗುವ ಹೊತ್ತಿನಲ್ಲಿ ಹಿತ್ತಲಲ್ಲಿ ತಮ್ಮನನ್ನು ಓಡಿಸುತ್ತಾನೆ. ತಾವು ಬೆರಗಾಗಿರುವ ಆ ಓಟವನ್ನು ತಿದ್ದಿದವನು ಅವನೇ.

ಇದನ್ನೆಲ್ಲ ದೂರೆಂದು ತಿಳಿಯಬಾರದು. ತಮ್ಮಿಂದ ಕಲಿತ ಪಾಠವನ್ನು ಒಪ್ಪಿಸುತ್ತಿದ್ದೇನೆ. ಒಂದು ತಂಡ ಎಲೀಟ್ ಆಗಲು ಏನು ಬೇಕೆಂದು ತಾವು ಅಂದು ಕೇಳಿದ ಪ್ರಶ್ನೆಗೆ ನನಗೀಗ ಉತ್ತರ ಗೊತ್ತು. ಮುಂದಿನ ಮನೆಯ ಬಾಗಿಲ ಮೇಲೇ ಕಣ್ಣಿಟ್ಟಿರುವ ಕೋಚ್ ಬೇಕು. ಹಳೆಯ ಕೋಚ್ ಅನ್ನು ಕಳಿಸಲು ಒಂದಿಷ್ಟು, ಹೊಸಬರನ್ನು ಕರೆತರಲು ಇನ್ನೊಂದಿಷ್ಟು ಹಣ ಸುರಿಯುವ ಶ್ರೀಮಂತರು ಬೇಕು. ಕಾಲು ಉಳುಕುವ ತನಕ ಮಗ, ಉಳುಕಿದ ಮೇಲೆ ಲೆಕ್ಕದ ತಲೆ ಆಗಲು ಒಪ್ಪುವ ಹುಡುಗರು ಬೇಕು. ಎಲ್ಲಕ್ಕಿಂತ ಮೊದಲು, ಊಟ ಹಾಕಿ ಆಮೆನ್ ಎನ್ನುವ ತಾಯಂದಿರು ಬೇಕು. ಆ ಒಂದು ಸರಕು ನಮ್ಮ ಕಡೆ ಯಥೇಚ್ಛವಾಗಿ ಬೆಳೆಯುತ್ತದೆ, ಬರಗಾಲವೆಂಬುದೇ ಇಲ್ಲ.

ತಮ್ಮ ಪತ್ರದ ಜೊತೆಗೆ ಬಂದ ಚಿತ್ರಗಳನ್ನೂ ನೋಡಿ ಧನ್ಯಳಾದೆ. ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲೇ ಒಂದು ಜಲಪಾತವಿದೆಯಲ್ಲ. ನಮ್ಮ ಚರ್ಚಿನವರು ಇಂದಿಗೂ ದೀಕ್ಷಾಸ್ನಾನ ಕೊಡುವುದು ದನ ನೀರು ಕುಡಿಯುವ ಕೊಳದಲ್ಲಿ. ಭಾನುವಾರಗಳಂದು ತಮ್ಮ ಜಲಪಾತವನ್ನು ನಮಗೆ ಬಿಟ್ಟುಕೊಡಲು ಸಾಧ್ಯವೇ? ಸಾಧ್ಯವಾದರೆ ಮೊದಲ ಮುಳುಗು ತಮ್ಮದೇ ಆಗಲಿ. ಇನ್ನೊಂದು ಸಣ್ಣ ವಿನಂತಿ. ಅಂದು ನಮ್ಮ ಚಾಪೆಯ ಮೇಲೆ ಮಾಡಿದ ಪ್ರಾರ್ಥನೆಯನ್ನು ತಾವು ಹಿಂದಕ್ಕೆ ತೆಗೆದುಕೊಂಡಿಲ್ಲ, ಅದು ಇನ್ನೂ ಪರಲೋಕದಲ್ಲಿ ನಮ್ಮ ಹೆಸರಿನಲ್ಲೇ ಉಳಿದಿದೆ. ದಯವಿಟ್ಟು ಅದನ್ನು ತಮ್ಮ ಹೊಸ ವಿಳಾಸಕ್ಕೆ ವರ್ಗಾಯಿಸಿಕೊಂಡು, ನಾವು ಹೇಳಿದ ಆಮೆನ್‌ಗಳನ್ನು ಒಂದೊಂದಾಗಿ ಹಿಂತಿರುಗಿಸಬೇಕು. ನನ್ನ ಅತ್ತೆ ಕಣ್ಣು ಬಿಟ್ಟುಕೊಂಡು ಹೇಳಿದ್ದರಿಂದ ಆಕೆಯದು ಲೆಕ್ಕಕ್ಕಿಲ್ಲವೆಂದರೆ ಅದನ್ನು ಬಿಡಬಹುದು.

ಇನ್ನು ಗುರುವಾರದ ವಿಷಯ. ತಾವು ಬರುವ ಸುದ್ದಿಯಿಂದ ಊರು ನೆಲದ ಮೇಲಿಲ್ಲ. ನಮ್ಮ ಪಾದ್ರಿಗಳು ಪೀಠದಿಂದ ಇಳಿದು ಬಂದು, "ಸಿಸ್ಟರ್ ವರ್ನೆಲ್, ಹಳೇದನ್ನ ಕ್ಷಮಿಸಿಬಿಡಿ. ಹಾಗೇ ಅವರು ಭಾನುವಾರದವರೆಗೂ ಉಳೀತಾರಾ ಕೇಳಿ, ಸಭೆಯ ಮುಂದೆ ದೇವರ ಕೃಪೆಗೆ ಸಾಕ್ಷಿ ಹೇಳಿಸೋಣ" ಎಂದರು. ಕ್ಷಮಿಸಿ ಬಹಳ ದಿನವಾಯಿತು ಪಾದ್ರಿಗಳೇ, ಕ್ಷಮಿಸಿದವರಿಗೆಲ್ಲ ಮಗನನ್ನು ಕೊಡಬೇಕೆಂದು ಎಲ್ಲಿಯೂ ಹೇಳಿಲ್ಲ ಎಂದೆ. ರೂಫಸ್‌ನನ್ನು ಕೇಳಿದರೆ, "ಬರ್ಲಿ ಬಿಡು. ಕುರ್ಚಿ ಮಾತ್ರ ನಾನು ಬಿಡಲ್ಲ" ಎನ್ನುತ್ತಾನೆ. ಮೈಕಾ, "ನಾನೇ ಬಾಗಿಲು ತೆಗೀತೀನಿ ಅಮ್ಮಾ, ಗುರುತು ಸಿಗುತ್ತಾ ನೋಡೋಣ" ಎಂದು ನಗುತ್ತಾನೆ. ಆ ನಗು ನನಗೆ ಸೇರುವುದಿಲ್ಲ.

ಹದಿನೆಂಟು ತುಂಬದ ಹುಡುಗನ ಒಪ್ಪಂದಕ್ಕೆ ಹೆತ್ತವರೊಬ್ಬರ ಸಹಿಯೂ ಬೇಕೆಂದು ತಮ್ಮ ಪತ್ರದಲ್ಲೇ ಇದೆ. ರೂಫಸ್ ಅದನ್ನು ನನಗೆ ಬಿಟ್ಟಿದ್ದಾನೆ, ನಾನು ಅದನ್ನು ಹಾಕುವುದಿಲ್ಲ. ಹಾಗೆಂದು ಕಳೆದ ವಾರ ಜೋಸಾಯನಿಗೆ ಹೇಳಿದಾಗ ಅವನು, "ಮೈಕಾಗೆ ಆಗಿದ್ದು ನಂಗ್ಯಾಕಮ್ಮಾ ಆಗುತ್ತೆ? ಅವನು ಢಿಕ್ಕಿ ಹೊಡೆಸ್ಕೊಳ್ಳೋನು. ನಾನು ಓಡೋನು, ನನ್ನ ಹಿಡಿಯೋರೇ ಇಲ್ಲ" ಎಂದ, ಅಣ್ಣ ಅಲ್ಲೇ ಕುಳಿತಿರುವಾಗ. ಮೈಕಾ ತಟ್ಟೆಯಿಂದ ತಲೆಯೆತ್ತಲಿಲ್ಲ. ಅಂದಿನಿಂದ ಚಿಕ್ಕವನು ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ತಮ್ಮ ತಂಡದ ಟೋಪಿಯನ್ನು ಊಟದ ಹೊತ್ತಿಗೂ ತೆಗೆಯುವುದಿಲ್ಲ. ಹೆತ್ತ ಮಗ ಎದುರಿಗೆ ಕುಳಿತು ಉಪ್ಪಿನ ಡಬ್ಬಿಯನ್ನು ಅಜ್ಜಿಯ ಮೂಲಕ ಕೇಳುವುದಿದೆಯಲ್ಲ, ಅದನ್ನು ತಾವು ಯಾವ ಮೈದಾನದಲ್ಲೂ ಅನುಭವಿಸಿರಲಾರಿರಿ. ಅವನು ಬದುಕೆಲ್ಲ ಹೀಗೆಯೇ ಇದ್ದರೂ ಇರಲಿ, ನನ್ನ ಲೇಖನಿ ಏಳುವುದಿಲ್ಲ. ಒಂದು ಮನೆ ಒಂದೇ ಕೋಚ್‌ಗೆ ಇಬ್ಬರು ಮಕ್ಕಳನ್ನು ಕೊಡುವಷ್ಟು ಎಲೀಟ್ ಆಗಬಾರದು.

ಆದರೂ ಮನೆಗೆ ಬಂದವರನ್ನು ಹಸಿದು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಬನ್ನಿ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಈ ಸಲ ನಾನು ಮಾಡುತ್ತೇನೆ. ಅದು ಉದ್ದವಾಗಿರುತ್ತದೆ.

ಇಂತು,
ತಮ್ಮನ್ನು ಒಂದು ಸಲ ಪೂರ್ತಿಯಾಗಿ ನಂಬಿದ್ದ ವಿಶ್ವಾಸಿ,
ವರ್ನೆಲ್ ಪ್ರುಯಿಟ್

ಮರೆತ ಮಾತು: ತಮ್ಮ ಕಚೇರಿಗೆ ಬರೆದರೆ ಯಂತ್ರವೇ ಉತ್ತರಿಸುತ್ತದೆಂದು ಕೇಳಿ, ಇದನ್ನು ನಮ್ಮ ಜಿಲ್ಲೆಯ ವಾರಪತ್ರಿಕೆಗೆ ಕೊಡಲು ಮೇಜಿನ ಮೇಲೆ ಇಟ್ಟಿದ್ದೆ. ಜೋಸಾಯ ನನ್ನನ್ನು ಕೇಳದೆ ಓದಿದ್ದಾನೆ. 'ತಾವು ನಮಗೆ ಸುಳ್ಳು ಹೇಳಿದಿರಿ' ಎಂದು ನಾನು ಬರೆದಿದ್ದ ಒಂದು ಸಾಲನ್ನು ತೋರಿಸಿ, "ಇದನ್ನ ಹೊಡೆದುಹಾಕಮ್ಮ" ಎಂದ. ಅಷ್ಟು ದಿನದ ಮೇಲೆ ಆಡಿದ ಮೊದಲ ಮಾತು. ಯಾಕಪ್ಪಾ ಎಂದೆ. "ಅವ್ರು ಸುಳ್ಳು ಹೇಳಿರಲ್ಲ. ಹೇಳೋವಾಗ ನಿಜವಾಗ್ಲೂ ಹಾಗೇ ಅನ್ಕೊಂಡಿರ್ತಾರೆ. ನನಗೂ ಫೋನಲ್ಲಿ ಹಾಗೇ ಅಂದ್ರು, 'ಇವತ್ತಿಂದ ನೀನು ನನ್ನ ಮಗ' ಅಂತ. ಅದೇ ಭಯ ಆಗೋದು" ಎಂದ. ನಾನು ಆ ಸಾಲನ್ನು ಹೊಡೆದುಹಾಕಿ, ಇಷ್ಟು ತಿಳಿದವನಿಗೆ ನನ್ನ ಅಡ್ಡಿಯೇಕೆಂದು, ಎಲ್ಲಿ ಬೇಕೋ ಅಲ್ಲಿಗೆ ಸಹಿ ಹಾಕುತ್ತೇನೆ, ಜಾಗ ನೀನೇ ಹೇಳು ಎಂದೆ. ಅವನು ಹೇಳಿದ ಜಾಗ ತಮ್ಮದಲ್ಲ. ಆದ್ದರಿಂದ ಗುರುವಾರ ತಾವು ಬರುವ ಹೊತ್ತಿಗೆ ಹುಡುಗರಿಬ್ಬರೂ ಮನೆಯಲ್ಲಿರುವುದಿಲ್ಲ. ಗುಡ್ಡದಾಚೆಯ ಒಂದು ಸಣ್ಣ ಕಾಲೇಜನ್ನು ನೋಡಲು ಹೋಗುತ್ತಿದ್ದಾರೆ. ಅಲ್ಲಿಯ ಕೋಚ್ ಮುದುಕರಂತೆ, ಇದುವರೆಗೆ ಒಂದು ಪ್ರಶಸ್ತಿಯನ್ನೂ ಗೆದ್ದಿಲ್ಲವಂತೆ. ಆದರೆ ಹೋದವರ್ಷವೂ ಅಲ್ಲೇ ಇದ್ದರಂತೆ, ಅದರ ಹಿಂದಿನ ವರ್ಷವೂ ಇದ್ದರಂತೆ.