ಗ್ರಾಮಸೇವಕರ ಮನೆಯ ಕನಕಾಂಬರ

ನಾಗಮಂಗಲದ ಗ್ರಾಮಸೇವಕ ಶಿವಲಿಂಗಯ್ಯನವರು ಬಿಂಡಿಗನವಿಲೆಯ ಅರಳಿಕಟ್ಟೆಯ ಮೇಲೆ ನಿಂತು ಗೊಬ್ಬರದ ಮಾತೆತ್ತಿದರೆಂದರೆ, ಅಲ್ಲಿ ಮಲಗಿದ್ದ ಕುರಿಗಳೂ ಮೆಲುಕು ಹಾಕುವುದನ್ನು ನಿಲ್ಲಿಸಿ ಕೇಳುತ್ತಿದ್ದವು. (ಸರ್ಕಾರ ಆ ಹುದ್ದೆಗೆ ಕೃಷಿ ಸಹಾಯಕ ಎಂದು ಹೊಸ ಹೆಸರಿಟ್ಟು ವರ್ಷಗಳಾಗಿದ್ದವು. ಊರಿನವರು ಅದನ್ನು ಒಪ್ಪಿರಲಿಲ್ಲ.)

"ಬರೀ ಮುದ್ದೆ ನುಂಗಿದ್ರೆ ಆಯ್ತದಾ? ಸಾರು ಬ್ಯಾಡ್ವಾ? ಉಪ್ಪು ಬ್ಯಾಡ್ವಾ? ಗಿಡಕ್ಕೂ ಹಂಗೇ. ಸಾರಜನಕ ಎಲೆಗೆ, ರಂಜಕ ಬೇರಿಗೆ, ಪೊಟ್ಯಾಷು ಹೂವಿಗೆ. ತೂಕ ತಪ್ಪಬಾರ್ದು!"

೧೯೯೬ರ ಆಷಾಢದ ಸಭೆಯಲ್ಲಿ, ಹತ್ತು ಗುಂಟೆಯಲ್ಲಿ ಕನಕಾಂಬರ ಬೆಳೆಯುತ್ತಿದ್ದ ದ್ಯಾವಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ಅಲ್ಲ ಸ್ವಾಮಿ, ವರ್ಸವರ್ಸವೂ ಬಾಯಲ್ಲೇ ಬೆಳೀತೀರಲ್ಲ, ನೆಲದಲ್ಲಿ ಎಲ್ಲಾರಾ ಬೆಳ್ದಿದ್ದೀರಾ?"

ಶಿವಲಿಂಗಯ್ಯನವರ ಮೀಸೆ ಅದುರಿತು. "ನಮ್ಮ ಹಿತ್ತಲ ಕನಕಾಂಬರ ನೋಡಿದ್ದೀಯಾ? ಆರು ವರ್ಷದಿಂದ ನಾನೇ ತೂಗಿ ಕೊಟ್ಟ ಗೊಬ್ಬರ. ದೀಪಾವಳಿ ಕಳೆದ ಭಾನುವಾರ ಎಲ್ಲರೂ ಬನ್ನಿ. ಹೂವು ಕಾಣದಿದ್ರೆ ಇನ್ನು ನನ್ನ ಮಾತು ಕೇಳ್ಬೇಡಿ!"

"ಆಯ್ತು. ಊವ ಕಂಡ್ರೆ ನೀವೇಳ್ದಂಗೇ ಗೊಬ್ಬರ ಆಕ್ತೀವಿ. ಕಾಣ್ದಿದ್ರೆ ಆ ಕಟ್ಟೆ ಮ್ಯಾಕೆ ಅತ್ತಬ್ಯಾಡಿ" ಎಂದಳು ದ್ಯಾವಮ್ಮ.

ಶಿವಲಿಂಗಯ್ಯನವರು ಹೇಳಿದ್ದು ಸುಳ್ಳಲ್ಲ. ಹಿತ್ತಲಲ್ಲಿ ಹೂವು ಹೇಗೆ ಬಿಡುತ್ತಿತ್ತೆಂದರೆ, ಹೆಂಡತಿ ಪುಟ್ಟತಾಯಮ್ಮ ಮುಡಿದು, ದೇವರಿಗೆ ಏರಿಸಿ, ಅಕ್ಕಪಕ್ಕದವರಿಗೆ ಹಂಚಿದ ಮೇಲೂ ಮೊರದಲ್ಲಿ ಉಳಿಯುತ್ತಿತ್ತು. ಶಿವಲಿಂಗಯ್ಯನವರು ಪ್ರತಿ ತಿಂಗಳೂ ಅಕ್ಕಸಾಲಿಗರ ಗಾಂಭೀರ್ಯದಿಂದ ಗೊಬ್ಬರ ತೂಗಿ, ಪೊಟ್ಟಣ ಕಟ್ಟಿ ಆಕೆಯ ಕೈಗೆ ಕೊಡುವರು. ಆಕೆ "ಆಯ್ತು ಕಣ್ರೀ" ಎನ್ನುವರು.

ರೈತರಿಗೆ ಹೇಳದ ಒಂದು ಸಂಗತಿಯಿತ್ತು. (ಅದನ್ನು ಬರೆಯಲು ನನಗೇ ಸಂಕೋಚವಾಗುತ್ತದೆ.) ಹೂವಿನ ಭರಾಟೆ ಕಂಡು ಹಿಗ್ಗಿದ ಅವರು, ಗಿಡ ಇನ್ನಷ್ಟು ಹಸುರಾಗಲೆಂದು ಪೊಟ್ಟಣಕ್ಕೆ ಒಂದು ಚಮಚ ಯೂರಿಯಾ ಹೆಚ್ಚಿಗೆ ಸೇರಿಸಿದ್ದರು. ಮರುವರ್ಷ ಮತ್ತೊಂದು ಚಮಚ. ಹೂವು ಕಡಿಮೆಯಾಗಲಿಲ್ಲ, ಚಮಚಗಳೂ ನಿಲ್ಲಲಿಲ್ಲ. ಆರನೆಯ ವರ್ಷದ ಹೊತ್ತಿಗೆ ಪೊಟ್ಯಾಷು ಆ ಪೊಟ್ಟಣದಲ್ಲಿ ಹೆಸರಿಗೆ ಮಾತ್ರ ಉಳಿದಿತ್ತು.

ಶ್ರಾವಣದಲ್ಲಿ ಮನೆಗೆ ಗ್ಯಾಸ್ ಬಂತು. ಪುಟ್ಟತಾಯಮ್ಮ ಸಿಲಿಂಡರಿಗೆ ಅರಿಸಿನ ಕುಂಕುಮವಿಟ್ಟು, ಸೌದೆ ಒಲೆ ಒಡೆಸಿದರು. ಸ್ನಾನದ ನೀರಿಗೂ ಕರೆಂಟಿನ ಕಾಯಿಲ್ ಬಂತು.

ದೀಪಾವಳಿಯ ಹೊತ್ತಿಗೆ ಕನಕಾಂಬರ ಸೊಂಟದೆತ್ತರ ಬೆಳೆದು, ಎಲೆಗಳು ವೀಳ್ಯದೆಲೆಯಂತೆ ಅಗಲವಾಗಿ ಕಪ್ಪುಹಸುರಿಗೆ ತಿರುಗಿದ್ದವು. ಹೂವು ಮಾತ್ರ ಒಂದೂ ಇರಲಿಲ್ಲ. ಶಿವಲಿಂಗಯ್ಯನವರು ಕನ್ನಡಕ ಏರಿಸಿ ಒಂದೊಂದು ಎಲೆಯನ್ನೂ ಎತ್ತಿ ಹುಡುಕಿದರು.

ಭಾನುವಾರ ಬೆಳಿಗ್ಗೆ ಹೆಂಡತಿಗೆ, "ಪಾಂಡವಪುರದ ಚಿಕ್ಕಪ್ಪನಿಗೆ ಹುಷಾರಿಲ್ವಂತೆ. ಬೀಗ ಹಾಕು, ಹೊರಡೋಣ" ಎಂದರು.

"ಮೊನ್ನೆ ಸಂತೇಲಿ ಕಬ್ಬಿನ ಜಲ್ಲೆ ಎಗಲ್ ಮೇಲಿಟ್ಕೊಂಡು ಓಯ್ತಿದ್ರು ನಿಮ್ ಚಿಕ್ಕಪ್ಪ. ಕರ್ದಿರೋ ಜನ ಬೀಗ ನೋಡ್ಕೊಂಡು ವಾಪಸ್ ಓಗ್ಬೇಕಾ? ಸುಮ್ಕಿರಿ, ಕಾಪಿಗೆ ಆಲು ತಂದಿವ್ನಿ."

ಹತ್ತು ಗಂಟೆಯ ಬಸ್ಸಿನಿಂದ ಹದಿನಾಲ್ಕು ಜನ ಇಳಿದರು. ಹಿತ್ತಲಿಗೆ ಬಂದ ದ್ಯಾವಮ್ಮ ಗಿಡಗಳನ್ನು ಒಂದು ಸುತ್ತು ಹಾಕಿದಳು.

"ಸ್ವಾಮಿ, ಇದು ಕನಕಾಂಬ್ರನೋ ದಂಟಿನ ಸೊಪ್ಪೋ? ಉಪ್ಸಾರಿಗಾಯ್ತದೆ, ಎಲ್ಡು ಕಟ್ಟು ಕುಯ್ಕೊಳ್ಲಾ?"

ಅವಳ ಪಕ್ಕದ ಹೊಲದ ಚೌಡಯ್ಯ, "ಊವ ಎಲ್ಲೋ ಮರೇಲಿ ಕುಂತಿರ್ಬೇಕು ಬುಡವ್ವ, ಸಾಯೇಬ್ರಿಗೆ ನಾಚ್ಕೊಂಡು" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು.

ಆಗ ಶಿವಲಿಂಗಯ್ಯನವರ ಬಾಯಿಂದ ಆ ಮಾತು ಬಂದುಬಿಟ್ಟಿತು. "ನಾನು ಕೊಟ್ಟಿದ್ದನ್ನು ಹೇಳಿದ ಹಾಗೆ ಹಾಕಿದ್ರೆ ತಾನೇ? ಇವಳಿಗೆ ಎಷ್ಟು ಹೇಳಿದ್ರೂ ಅಷ್ಟೇ. ಕೈಗೆ ಬಂದಷ್ಟು ಸುರೀತಾಳೆ!"

ಕಾಫಿ ತಟ್ಟೆ ಹಿಡಿದು ಬಂದ ಪುಟ್ಟತಾಯಮ್ಮ ಗಂಡನ ಮುಖವನ್ನೊಮ್ಮೆ ನೋಡಿದರು. "ಊಂ, ನಂದೇ ತಪ್ಪು" ಎಂದು ಕಾಫಿ ಹಂಚತೊಡಗಿದರು.

ದ್ಯಾವಮ್ಮ ಬಿಡುವ ಪೈಕಿಯಲ್ಲ. "ಅಂಗಾರೆ ಮೊದ್ಲಿನ ವರ್ಸೆಲ್ಲಾ ಎಂಗವ್ವಾ ಬುಡ್ತಿತ್ತು ಊವ?"

"ಆಗ ಒಲೆ ಬೂದಿ ಆಕ್ತಿದ್ದೆ ಕಣವ್ವ, ಜತೇಲಿ ಒಂದಿಡಿ ಕೊಟ್ಟಿಗೆ ಗೊಬ್ಬರ. ಇವ್ರ ಪೊಟ್ಟಣ ಆಕ್ತಿರ್ಲಿಲ್ಲ."

"ಏನೂ?" ಎಂದರು ಶಿವಲಿಂಗಯ್ಯ.

"ಮೊದಲ್ನೇ ಸಲ ಒಂದ್ ಎಳೇ ಗಿಡಕ್ಕೆ ಆಕ್ದೆ, ಸುಟ್ಟೋಯ್ತು. ನಿಮ್ ಮನಸ್ಸು ಯಾಕ್ ನೋಯಿಸ್ಲಿ ಅಂತ ನುಗ್ಗೆ ಬುಡಕ್ಕೆ ಸುರೀತಿದ್ದೆ. ಈಗ ಗ್ಯಾಸ್ ಬಂತು, ಬೂದಿ ಇಲ್ಲ. ಗಂಡ ಏಳಿದ್ದ ಒಂದ್ಸಲನಾದ್ರೂ ಕೇಳಾನ ಅಂತ ಶ್ರಾವಣದಿಂದ ಒಂದು ಚೂರೂ ಚೆಲ್ದಂಗೆ ಗಿಡಕ್ಕೇ ಆಕಿವ್ನಿ."

ಹದಿನಾಲ್ಕು ತಲೆಗಳೂ ನುಗ್ಗೆಮರದ ಕಡೆ ತಿರುಗಿದವು. ಅದು ಲೈಟುಕಂಬವನ್ನೂ ಮೀರಿ ಬೆಳೆದಿತ್ತು. ಕಾಯಿ ಒಂದೂ ಇರಲಿಲ್ಲ. ಚೌಡಯ್ಯ ನಗು ತಾಳಲಾರದೆ ಲೋಟ ಕೆಳಗಿಟ್ಟ.

ಶಿವಲಿಂಗಯ್ಯನವರಿಗೆ ಆ ನಗು ಚುಚ್ಚಲಿಲ್ಲ. ತಮ್ಮ ಚಮಚದ ಕಥೆ ತಮಗೆ ಗೊತ್ತಿದ್ದೂ, "ನಂದೇ ತಪ್ಪು" ಎಂದ ಹೆಂಡತಿಯನ್ನು ಹಾಗೇ ಬಿಟ್ಟರಲ್ಲ, ಅದು ಚುಚ್ಚಿತು. ಕೈಯಲ್ಲಿದ್ದ ಕಾಫಿ ಲೋಟವನ್ನೇ ನೋಡಿದರು.

"ಇವಳ ತಪ್ಪಲ್ಲ. ಪೊಟ್ಟಣದಲ್ಲಿ ಯೂರಿಯಾ ನಾನೇ ಹೆಚ್ಚು ಹಾಕ್ತಿದ್ದೆ. ಹೂವಿಗೆ ಬೇಕಾದ ಪೊಟ್ಯಾಷು ಇದ್ದಿದ್ದು ಇವಳ ಬೂದಿಯಲ್ಲೇ" ಎಂದು ಲೋಟಕ್ಕೆ ಹೇಳುವಂತೆ ಹೇಳಿದರು.

"ಕೇಳಕಿಲ್ಲ ಸ್ವಾಮಿ," ಎಂದಳು ದ್ಯಾವಮ್ಮ, "ಮೀಟಿಂಗಲ್ಲಿ ಏಳ್ತೀರಲ್ಲ, ಅಂಗೆ ಗಟ್ಯಾಗೇಳಿ."

ಗಟ್ಟಿಯಾಗಿಯೇ ಹೇಳಿದರು. ಪಕ್ಕದ ಮನೆಯವರಿಗೂ ಕೇಳಿಸಿತು.

ಮುಂದಿನ ತಿಂಗಳು ಬಿಂಡಿಗನವಿಲೆಯಲ್ಲಿ ಸಭೆ ನಡೆಯಿತು. ಕಟ್ಟೆಯ ಮೇಲೆ ಪುಟ್ಟತಾಯಮ್ಮ ನಿಂತಿದ್ದರು. ಶಿವಲಿಂಗಯ್ಯನವರು ಕೆಳಗೆ, ರೈತರ ಹಿಂದಿನ ಸಾಲಿನಲ್ಲಿ ಕುಳಿತಿದ್ದರು.

"ಗಿಡಕ್ಕೆ ಅರ್ಧ ಬೊಗಸೆ ಬೂದಿ, ಬುಡಕ್ಕೆ ತಾಕ್ದಂಗೆ ಸುತ್ತ ಉದುರ್ಸಿ" ಎಂದರು ಪುಟ್ಟತಾಯಮ್ಮ.

"ಬರ್ಕಳಿ ಸ್ವಾಮಿ, ಮರ್ತೋಯ್ತೀರಿ" ಎಂದು ದ್ಯಾವಮ್ಮ ತಿವಿದಳು. ಶಿವಲಿಂಗಯ್ಯನವರು ಜೇಬಿನಿಂದ ಬಸ್ಸಿನ ಟಿಕೆಟು ತೆಗೆದು, ಅದರ ಬೆನ್ನ ಮೇಲೆ ಬರೆದರು.

ಪಕ್ಕದಲ್ಲಿದ್ದ ಚೌಡಯ್ಯ ಕತ್ತು ಚಾಚಿ ಓದಿ ಕೂಗಿದ: "ಅವ್ವಾ, ಸಾಯೇಬ್ರು ಒಂದು ಬೊಗಸೆ ಅಂತ ಬರ್ಕೊಂಡವ್ರೆ!"

ಪುಟ್ಟತಾಯಮ್ಮ ಕಟ್ಟೆಯ ಮೇಲಿಂದ ಗಂಡನನ್ನೇ ನೋಡುತ್ತಾ ಕಾದರು. ಶಿವಲಿಂಗಯ್ಯನವರು ತಲೆ ಎತ್ತದೆ ಅದನ್ನು ಹೊಡೆದುಹಾಕಿ, ಅರ್ಧ ಎಂದು ತಿದ್ದಿಕೊಂಡರು.